ಎರಡನೇ ಮಹಾಯುದ್ಧದ ಜರ್ಮನ್ ಸೇನಾ ಬ್ಯಾಡ್ಜ್ ಅಸಲಿಯೋ, ನಕಲಿಯೋ? ಗುರುತಿಸುವುದು ಹೀಗೆ

1970ರ ದಶಕದಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿ ಕೊನ್ರಾಡ್ ಕುಯಾವ್ ಎಂಬ ವ್ಯಾಪಾರಿ ಇದ್ದ. ಹಳೆಯ ಸಮವಸ್ತ್ರ, ಪದಕ, ಹೆಲ್ಮೆಟ್ ಮಾರುವುದು ಅವನ ಕಸುಬು. ಒಮ್ಮೆ ಅವನ ಕೈಗೆ ಮೊದಲ ಮಹಾಯುದ್ಧದ ಹೆಲ್ಮೆಟ್ ಒಂದು ಬಂತು. ಹೆಲ್ಮೆಟ್ ಅಸಲಿಯೇ ಆಗಿತ್ತು, ಆದರೆ ಅದರ ಬೆಲೆ ಕೆಲವೇ ಮಾರ್ಕ್. ಕುಯಾವ್ ಅದರ ಜೊತೆ ಒಂದು ಚೀಟಿ ಬರೆದಿಟ್ಟ. 1917ರಲ್ಲಿ ಈ ಹೆಲ್ಮೆಟ್ ಧರಿಸಿದ್ದು ಸ್ವತಃ ಹಿಟ್ಲರ್ ಎಂದು ಚೀಟಿ ಹೇಳುತ್ತಿತ್ತು. ಕೆಳಗೆ ಹಿಟ್ಲರನ ಆಪ್ತ ರುಡಾಲ್ಫ್ ಹೆಸ್‌ನ ಸಹಿ. ಸಹಿಯೂ ಕುಯಾವ್‌ನದೇ ಕೈಚಳಕ.

ಇದೇ ಕುಯಾವ್ ಮುಂದೆ ‘ಹಿಟ್ಲರ್ ಡೈರಿ’ಗಳನ್ನು ಬರೆದ. ಜರ್ಮನಿಯ ‘ಸ್ಟೆರ್ನ್’ ಪತ್ರಿಕೆ ಅವುಗಳಿಗೆ 90 ಲಕ್ಷಕ್ಕೂ ಹೆಚ್ಚು ಮಾರ್ಕ್ ತೆತ್ತು 1983ರ ಏಪ್ರಿಲ್‌ನಲ್ಲಿ ಜಗತ್ತಿನ ಮುಂದಿಟ್ಟಿತು. ಹೆಸರಾಂತ ಬ್ರಿಟಿಷ್ ಇತಿಹಾಸಕಾರ ಹ್ಯೂ ಟ್ರೆವರ್-ರೋಪರ್ ಕೂಡ ಮೊದಲಿಗೆ ಅವು ಅಸಲಿ ಎಂದೇ ನಂಬಿದ್ದರು. ಎರಡೇ ವಾರದಲ್ಲಿ ಬಣ್ಣ ಬಯಲಾಯಿತು. ಬಯಲು ಮಾಡಿದ್ದು ಡೈರಿಯ ಒಕ್ಕಣೆಯಷ್ಟೇ ಅಲ್ಲ. ಕಾಗದದಲ್ಲಿ ಯುದ್ಧಾನಂತರ ಬಳಕೆಗೆ ಬಂದ ಬಿಳುಪು ಕೊಡುವ ರಾಸಾಯನಿಕವಿತ್ತು. ರಟ್ಟು ಕಟ್ಟಿದ ದಾರದಲ್ಲಿ ಪಾಲಿಯೆಸ್ಟರ್ ಇತ್ತು.

ಜರ್ಮನ್ ಸೇನೆಯ ಹಳೆಯ ಲಾಂಛನಗಳನ್ನು ಪರೀಕ್ಷಿಸುವ ಕ್ರಮದ ತಿರುಳೆಲ್ಲ ಈ ಎರಡು ಪ್ರಸಂಗಗಳಲ್ಲಿದೆ. ಕಥೆಯನ್ನು ಯಾರು ಬೇಕಾದರೂ ಕಟ್ಟಬಹುದು. ಬಟ್ಟೆ, ದಾರ, ಲೋಹ ಸುಳ್ಳು ಹೇಳುವುದು ಅಷ್ಟು ಸುಲಭವಲ್ಲ.

ಇಷ್ಟೊಂದು ನಕಲಿ ಏಕೆ?

ಯುದ್ಧ ಮುಗಿದ 1945ರಿಂದಲೇ ಈ ದಂಧೆ ಶುರುವಾಯಿತು. ಅಮೆರಿಕ, ಬ್ರಿಟನ್ ಸೈನಿಕರು ನೆನಪಿಗೆಂದು ಜರ್ಮನ್ ಬ್ಯಾಡ್ಜ್‌ಗಳನ್ನು ಊರಿಗೆ ಒಯ್ಯುತ್ತಿದ್ದರು. ಬೇಡಿಕೆ ಕಂಡು ಕೆಲವು ಕಾರ್ಖಾನೆಗಳು ಉಳಿದ ಬಿಡಿಭಾಗಗಳನ್ನು ಜೋಡಿಸಿ, ಹಳೆಯ ಅಚ್ಚುಗಳನ್ನೇ ಬಳಸಿ ಮತ್ತೆ ತಯಾರಿಸಿದವು. ಆಮೇಲೆ ಸಿನಿಮಾ, ನಾಟಕ, ಯುದ್ಧದ ಮರುಅಭಿನಯ ಮಾಡುವ ತಂಡಗಳಿಗಾಗಿ ಪ್ರತಿಕೃತಿಗಳು ಬಂದವು. ಪ್ರತಿಕೃತಿ ಎಂದು ಹೇಳಿಯೇ ಮಾರಿದರೆ ಅದರಲ್ಲಿ ಮೋಸವಿಲ್ಲ. ಅದೇ ವಸ್ತುವನ್ನು ಚಹಾ, ಕಾಫಿ ನೀರಿನಲ್ಲಿ ಅದ್ದಿ, ಮಣ್ಣು ಉಜ್ಜಿ, ‘ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿತು’ ಎಂದು ಮಾರಿದಾಗ ಅದು ನಕಲಿ.

ಇನ್ನೊಂದು ಗೊಂದಲವೂ ಇದೆ. ಪಶ್ಚಿಮ ಜರ್ಮನಿ 1957ರ ಜುಲೈನಲ್ಲಿ ತಂದ ಕಾಯ್ದೆಯ ಪ್ರಕಾರ, ಮಾಜಿ ಸೈನಿಕರು ತಮ್ಮ ಯುದ್ಧಕಾಲದ ಪದಕಗಳನ್ನು ನಾಜಿ ಚಿಹ್ನೆ ಇಲ್ಲದ ರೂಪದಲ್ಲಿ ಧರಿಸಬಹುದಿತ್ತು. ಹೀಗೆ ಬಂದ ಐರನ್ ಕ್ರಾಸ್‌ನ ನಡುವೆ ಸ್ವಸ್ತಿಕದ ಬದಲು ಓಕ್ ಎಲೆಗಳಿವೆ. ಇವು ಕಾನೂನುಬದ್ಧ ಪದಕಗಳೇ, ನಕಲಿ ಅಲ್ಲ. ಆದರೆ ಯುದ್ಧಕಾಲದವೂ ಅಲ್ಲ.

ಮೊದಲು ತಿಳಿಯಬೇಕಾದದ್ದು: ಯಾವುದು, ಎಲ್ಲಿ, ಯಾವಾಗ?

ಲಾಂಛನವನ್ನು ಭೂತಗನ್ನಡಿಯಲ್ಲಿ ನೋಡುವ ಮುನ್ನ ಅದು ಯಾವ ಪಡೆಯದು, ಸಮವಸ್ತ್ರದ ಯಾವ ಭಾಗದ್ದು ಎಂದು ತಿಳಿದಿರಬೇಕು. ನಾಜಿ ಸ್ವಸ್ತಿಕ ಹಿಡಿದ ಹದ್ದಿನ ಚಿಹ್ನೆ ಜರ್ಮನ್ ಸೇನೆಯ ಸಮವಸ್ತ್ರಕ್ಕೆ ಬಂದದ್ದು 1934ರಲ್ಲಿ. ಭೂಸೇನೆಯಲ್ಲಿ ಇದರ ಜಾಗ ಬಲ ಎದೆಯ ಜೇಬಿನ ಮೇಲೆ. ಎಸ್ಎಸ್ ಪಡೆಯವರು ಎಡ ತೋಳಿನ ಮೇಲ್ಭಾಗದಲ್ಲಿ ಧರಿಸುತ್ತಿದ್ದರು. ವಾಯುಪಡೆಯ ಹದ್ದು ಹಾರುವ ಭಂಗಿಯಲ್ಲಿದೆ. ನೌಕಾಪಡೆಯದು ಹೊಂಬಣ್ಣದ್ದು.

ಭುಜಪಟ್ಟಿಯ ಅಂಚಿನ ಬಣ್ಣ ಸೈನಿಕನ ವಿಭಾಗವನ್ನು ಹೇಳುತ್ತದೆ. ಭೂಸೇನೆಯಲ್ಲಿ ಬಿಳಿ ಎಂದರೆ ಕಾಲಾಳು, ಕೆಂಪು ಎಂದರೆ ಫಿರಂಗಿ ದಳ, ಗುಲಾಬಿ ಎಂದರೆ ಟ್ಯಾಂಕ್ ದಳ, ಕಪ್ಪು ಎಂದರೆ ಎಂಜಿನಿಯರ್ ದಳ.

ಕಾಲಕ್ಕೆ ತಕ್ಕಂತೆ ಲಾಂಛನಗಳೂ ಬದಲಾದವು. ಯುದ್ಧಕ್ಕೆ ಮುಂಚಿನ ಎದೆಹದ್ದು ಗಾಢ ಹಸಿರು ಬಟ್ಟೆಯ ಮೇಲೆ ಬೆಳ್ಳಿಬಿಳುಪಿನ ದಾರದಲ್ಲಿತ್ತು. ದೂರಕ್ಕೆ ಎದ್ದು ಕಾಣಬಾರದೆಂದು 1940ರಿಂದ ಮಾಸಲು ಬೂದು ದಾರ ಬಳಕೆಗೆ ಬಂತು. ಸಾಮಗ್ರಿಯ ಕೊರತೆ ಬಿಗಡಾಯಿಸಿದ 1944ರ ಹೊತ್ತಿಗೆ, ಮೇಲಂಗಿಗೆ ಬೇಗ ಹೊಲಿಯಲು ಅನುಕೂಲವಾಗುವ ತ್ರಿಕೋನ ಬಟ್ಟೆಯ ಮೇಲಿನ ಹದ್ದು ಬಂತು. ಹೀಗಾಗಿ 1936ರ ಮಾದರಿಯ ಹಸಿರು ಕಾಲರ್ ಅಂಗಿಯ ಮೇಲೆ 1944ರ ತ್ರಿಕೋನ ಹದ್ದು ಕಂಡರೆ ಪ್ರಶ್ನೆ ಏಳಲೇಬೇಕು. ದುರಸ್ತಿಯ ವೇಳೆ ಹೊಸದನ್ನು ಹಾಕಿರುವ ಸಾಧ್ಯತೆ ಇದೆ. ಆದರೆ ಅದನ್ನು ಸಾಬೀತು ಮಾಡಬೇಕಾದವರು ಮಾರುವವರು.

ನೇಯ್ಗೆಯ ಲಾಂಛನ: ಹಿಂಬದಿ ತಿರುಗಿಸಿ ನೋಡಿ

ಬಟ್ಟೆಯ ಲಾಂಛನಗಳಲ್ಲಿ ಮುಖ್ಯವಾಗಿ ಮೂರು ಬಗೆ: ಯಂತ್ರದಲ್ಲಿ ನೇಯ್ದದ್ದು, ಯಂತ್ರದ ಕಸೂತಿಯದ್ದು, ಕೈ ಕಸೂತಿಯದ್ದು. ನೇಯ್ದ ಲಾಂಛನಗಳನ್ನು ಸಂಗ್ರಾಹಕರು ‘ಬೆವೋ’ ಎನ್ನುತ್ತಾರೆ. ವುಪ್ಪರ್ಟಾಲ್ ನಗರದ ಫೋರ್‌ಸ್ಟೆಹರ್ ಎಂಬ ಪಟ್ಟಿ ನೇಯುವ ಕಾರ್ಖಾನೆಯ ಹೆಸರಿನಿಂದ ಬಂದ ಮಾತಿದು. ಈಗ ಯಾವ ಕಾರ್ಖಾನೆಯದಾದರೂ ಚಪ್ಪಟೆ ನೇಯ್ಗೆಯ ಲಾಂಛನಕ್ಕೆ ಇದೇ ಹೆಸರು.

ಅಸಲಿ ಬೆವೋ ಲಾಂಛನದಲ್ಲಿ ನೂಲು ಬಹಳ ಸಣ್ಣದು. ಹದ್ದಿನ ಕೊಕ್ಕು, ಕಣ್ಣು, ರೆಕ್ಕೆಯ ಗರಿಗಳು ಬಿಡಿಬಿಡಿಯಾಗಿ ಕಾಣುತ್ತವೆ. ಸ್ವಸ್ತಿಕದ ಕೋನಗಳು ನೇರವಾಗಿರುತ್ತವೆ. ಹಿಂದೆ ತಿರುಗಿಸಿದರೆ ವಿನ್ಯಾಸದ ದಾರಗಳು ಅಚ್ಚುಕಟ್ಟಾಗಿ ಅಡ್ಡಡ್ಡಲಾಗಿ ಹರಿದಿರುತ್ತವೆ. ನಕಲಿಯಲ್ಲಿ ನೂಲು ದಪ್ಪ, ನೇಯ್ಗೆ ಸಡಿಲ, ಹದ್ದಿನ ಮುಖ ಮೊಂಡು.

ಯಂತ್ರ ಕಸೂತಿಯಲ್ಲೂ ಹಿಂಬದಿಯೇ ಹೆಚ್ಚು ಮಾತಾಡುತ್ತದೆ. ಇಂದಿನ ಕಂಪ್ಯೂಟರ್ ಚಾಲಿತ ಯಂತ್ರಗಳ ಹೊಲಿಗೆ ಒಂದೇ ಅಳತೆಯಲ್ಲಿ, ಅಳೆದಿಟ್ಟಂತೆ ಇರುತ್ತದೆ. ಹಿಂದೆ ಬಿಳಿ ಸಿಂಥೆಟಿಕ್ ಹಾಳೆ ಅಂಟಿರುವುದೂ ಉಂಟು. ನಮ್ಮ ಶಾಲಾ ಸಮವಸ್ತ್ರದ ಜೇಬಿನ ಲಾಂಛನವನ್ನು ಒಳಗಿನಿಂದ ನೋಡಿದರೆ ಕಾಣುವುದು ಇಂಥದೇ ಹಾಳೆ. ಯುದ್ಧಕಾಲದ ಜರ್ಮನ್ ಕಸೂತಿಯಲ್ಲಿ ಅದು ಇರಲು ಸಾಧ್ಯವಿಲ್ಲ.

‘ಹೊಸದರಂತೆ ಹೊಳೆಯುತ್ತಿದೆ, ಹಾಗಾಗಿ ನಕಲಿ’ ಎಂಬ ತೀರ್ಮಾನವೂ ತಪ್ಪು. ಬೆವೋ ಲಾಂಛನಗಳನ್ನು ಉದ್ದನೆಯ ಪಟ್ಟಿಯಾಗಿ ನೇಯ್ದು ಆಮೇಲೆ ಕತ್ತರಿಸುತ್ತಿದ್ದರು. ಬಳಕೆಯಾಗದೆ ಗೋದಾಮಿನಲ್ಲಿ ಉಳಿದವು ಇಂದಿಗೂ ಹೊಸದಾಗಿಯೇ ಇವೆ. ಹಳತಾಗಿ ಕಾಣುವುದು ಅಸಲಿತನಕ್ಕೆ ಸಾಕ್ಷಿಯಲ್ಲ, ಹೊಸದಾಗಿ ಕಾಣುವುದು ನಕಲಿತನಕ್ಕೂ ಸಾಕ್ಷಿಯಲ್ಲ.

ನೇರಳೆ ಬೆಳಕಿನ ಪರೀಕ್ಷೆ: ಉಪಯೋಗವೂ ಮಿತಿಯೂ

ಎಲ್ಲರೂ ಮೊದಲು ಮಾಡುವುದು ಅಲ್ಟ್ರಾವೈಲೆಟ್ ಟಾರ್ಚ್ ಪರೀಕ್ಷೆ. ನೋಟು ಪರೀಕ್ಷಿಸಲು ಅಂಗಡಿಯವರು ಬಳಸುವ ದೀಪವೇ ಇದು. ಕತ್ತಲೆ ಕೋಣೆಯಲ್ಲಿ ಈ ಬೆಳಕು ಹಾಯಿಸಿದರೆ, ಬಟ್ಟೆಗೆ ಬಿಳುಪು ಕೊಡುವ ರಾಸಾಯನಿಕ ಇರುವ ದಾರ ನೀಲಿಬಿಳುಪಾಗಿ ಹೊಳೆಯುತ್ತದೆ. ಈ ರಾಸಾಯನಿಕ ದಾರ, ಬಟ್ಟೆ, ಸಾಬೂನಿನ ಪುಡಿಗಳಲ್ಲಿ ವ್ಯಾಪಕವಾಗಿ ಸೇರಿದ್ದು ಯುದ್ಧದ ನಂತರ. ಕುಯಾವ್‌ನ ಡೈರಿಗಳನ್ನು ಹಿಡಿದುಕೊಟ್ಟದ್ದೂ ಇದೇ ಬಗೆಯ ವಸ್ತು.

ಆದರೆ ಹೊಳೆಯಿತು ಎಂದ ಮಾತ್ರಕ್ಕೆ ನಕಲಿ ಎನ್ನಲಾಗದು. ಅಸಲಿ ಅಂಗಿಯನ್ನೇ ಯಾರೋ 1960ರಲ್ಲಿ ಡಿಟರ್ಜೆಂಟ್ ಹಾಕಿ ಒಗೆದಿದ್ದರೆ ಅದೂ ಹೊಳೆಯುತ್ತದೆ. ಆಗ ಒಂದೆರಡು ದಾರವಲ್ಲ, ಇಡೀ ಬಟ್ಟೆಯೇ ಸಮನಾಗಿ ಹೊಳೆಯುವುದು ಸಾಮಾನ್ಯ. ಲಾಂಛನ ಮಂಕಾಗಿದ್ದು ಅದನ್ನು ಅಂಗಿಗೆ ಹೊಲಿದ ದಾರ ಮಾತ್ರ ಹೊಳೆದರೆ, ಲಾಂಛನವನ್ನು ಈಚೆಗೆ ಹೊಲಿದಿದ್ದಾರೆ ಎಂದರ್ಥ. ಹೊಳೆಯದಿದ್ದರೆ ಅಸಲಿ ಎನ್ನುವುದಂತೂ ಇನ್ನೂ ದೊಡ್ಡ ತಪ್ಪು. ಈ ಪರೀಕ್ಷೆ ನಕಲಿ ಮಾಡುವವರಿಗೂ ಗೊತ್ತು. ಬಿಳುಪುಕಾರಕ ಇಲ್ಲದ ದಾರವನ್ನೇ ಅವರು ಹುಡುಕಿ ತರುತ್ತಾರೆ.

ಇನ್ನಷ್ಟು ಖಚಿತವಾದದ್ದು ನೂಲಿನ ಜಾತಿ ಪತ್ತೆ. ಯುದ್ಧಕಾಲದ ಲಾಂಛನಗಳಲ್ಲಿ ಇರುತ್ತಿದ್ದುದು ಹತ್ತಿ, ಉಣ್ಣೆ, ರೇಯಾನ್. ಪಾಲಿಯೆಸ್ಟರ್‌ಗೆ ಬ್ರಿಟನ್‌ನಲ್ಲಿ ಪೇಟೆಂಟ್ ಅರ್ಜಿ ಸಲ್ಲಿಕೆಯಾದದ್ದೇ 1941ರಲ್ಲಿ. ಅದು ಮಾರುಕಟ್ಟೆಗೆ ಬಂದದ್ದು ಯುದ್ಧ ಮುಗಿದ ಮೇಲೆ. ವಸ್ತು ನಿಮ್ಮದೇ ಆಗಿದ್ದರೆ ಹಿಂಬದಿಯಲ್ಲಿ ಸಡಿಲವಾಗಿರುವ ಒಂದು ಎಳೆಯನ್ನು ಚಿಮುಟದಲ್ಲಿ ಹಿಡಿದು ಸುಟ್ಟು ನೋಡಬಹುದು. ಹತ್ತಿ, ರೇಯಾನ್ ಕಾಗದದಂತೆ ಉರಿದು ಹಗುರ ಬೂದಿಯಾಗುತ್ತವೆ. ಉಣ್ಣೆ ಕೂದಲು ಸುಟ್ಟ ವಾಸನೆ ಬೀರುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಗುಂಡು ಕಂಡರೆ ಆ ದಾರ ಯುದ್ಧಕಾಲದ್ದಲ್ಲ.

ಅಧಿಕಾರಿಗಳ ಕೈ ಕಸೂತಿ

ಅಧಿಕಾರಿಗಳ ಲಾಂಛನಗಳಲ್ಲಿ ಲೋಹದ ಸಣ್ಣ ತಂತಿಯ ಕೈ ಕಸೂತಿ ಇರುತ್ತದೆ. ನಮ್ಮ ಜರ್ದೋಸಿ ಕೆಲಸ ನೆನಪಿಸಿಕೊಂಡರೆ ಇದು ಬೇಗ ಅರ್ಥವಾಗುತ್ತದೆ. ಜರ್ಮನಿಯಲ್ಲಿ ಇದಕ್ಕೆ ಹೆಚ್ಚಾಗಿ ಅಲ್ಯೂಮಿನಿಯಂ ತಂತಿ ಬಳಸುತ್ತಿದ್ದರು. ಅದು ಕಾಲಕ್ರಮೇಣ ಮಂಕಾಗಿ ಬೂದು ಬಣ್ಣಕ್ಕೆ ತಿರುಗುತ್ತದೆಯೇ ಹೊರತು ಬೆಳ್ಳಿಯಂತೆ ಕಪ್ಪಾಗುವುದಿಲ್ಲ. ಬೆಳ್ಳಿ ಲೇಪಿಸಿದ ತಾಮ್ರದ ತಂತಿಯಾದರೆ ಲೇಪ ಸವೆದ ಕಡೆ ಕೆಂಪು ಅಥವಾ ಹಳದಿ ಛಾಯೆ ಇಣುಕುತ್ತದೆ. ಅಲ್ಯೂಮಿನಿಯಂ ಎಂದು ಹೇಳಿದ ಲಾಂಛನದಲ್ಲಿ ಇಂಥ ಛಾಯೆ ಕಂಡರೆ ಎಚ್ಚರ ವಹಿಸಿ.

ಭಾರತ ಮತ್ತು ಪಾಕಿಸ್ತಾನದ ಜರ್ದೋಸಿ ಕಾರ್ಯಾಗಾರಗಳು ಇಂದಿಗೂ ಹಲವು ದೇಶಗಳ ಪಡೆಗಳಿಗೆ, ಕ್ಲಬ್‌ಗಳಿಗೆ ಕೈ ಕಸೂತಿಯ ಬ್ಯಾಡ್ಜ್ ಮಾಡಿಕೊಡುತ್ತವೆ. ಅದೇ ಕೌಶಲದಿಂದ ಹಳೆಯ ಜರ್ಮನ್ ಲಾಂಛನಗಳ ಪ್ರತಿಕೃತಿಗಳೂ ತಯಾರಾಗುತ್ತವೆ. ಇದರಲ್ಲಿ ಕುಶಲಕರ್ಮಿಗಳ ತಪ್ಪಿಲ್ಲ. ಕೇಳಿದ್ದನ್ನು ಮಾಡಿಕೊಡುವುದು ಅವರ ಕೆಲಸ. ಇಂಥ ಪ್ರತಿಕೃತಿಗಳಲ್ಲಿ ಒಳಗಿನ ತುಂಬು ಹೆಚ್ಚಿ ಹದ್ದಿನ ಎದೆ ಉಬ್ಬಿಕೊಂಡಿರುವುದು, ಎರಡು ರೆಕ್ಕೆಗಳ ಅಳತೆಯಲ್ಲಿ ವ್ಯತ್ಯಾಸವಿರುವುದು ಸಾಮಾನ್ಯ.

ಲೋಹದ ಬ್ಯಾಡ್ಜ್: ಅಚ್ಚೋ, ಎರಕವೋ?

ಟೋಪಿಯ ಹದ್ದು, ಎದೆಯ ಬ್ಯಾಡ್ಜ್‌ನಂಥವನ್ನು ಹೆಚ್ಚಾಗಿ ಉಕ್ಕಿನ ಅಚ್ಚಿನಲ್ಲಿ ಭಾರಿ ಒತ್ತಡ ಹಾಕಿ ಒತ್ತುತ್ತಿದ್ದರು. ಹಾಗಾಗಿ ಗೆರೆಗಳು ಚೂಪಾಗಿರುತ್ತವೆ. ನಕಲಿ ಮಾಡುವವರು ಅಸಲಿಯಿಂದಲೇ ಅಚ್ಚು ತೆಗೆದು ಎರಕ ಹೊಯ್ಯುತ್ತಾರೆ. ಎರಕದ ಲೋಹ ತಣಿದಾಗ ಕುಗ್ಗುವುದರಿಂದ ಇಂಥ ನಕಲು ಅಸಲಿಗಿಂತ ಕೂದಲೆಳೆಯಷ್ಟು ಚಿಕ್ಕದಾಗುತ್ತದೆ. ಮೇಲ್ಮೈಯಲ್ಲಿ ಸಣ್ಣ ಗುಳಿ, ಗುಳ್ಳೆ ಕಾಣುತ್ತವೆ. ಗರಿಗಳು ಸಾಬೂನು ಕರಗಿದಂತೆ ನುಣುಪಾಗಿರುತ್ತವೆ. ಒಂದು ವರ್ನಿಯರ್ ಕ್ಯಾಲಿಪರ್ ಮತ್ತು ಅಕ್ಕಸಾಲಿಗರ ತಕ್ಕಡಿ ಇದ್ದರೆ ಅರ್ಧ ಕೆಲಸ ಆದಂತೆ. ಅದೇ ತಯಾರಕರ ಖಚಿತ ಅಸಲಿಯ ಅಳತೆ, ತೂಕದ ಜೊತೆ ಹೋಲಿಸಬೇಕು ಅಷ್ಟೆ.

ಲೋಹವೂ ಕಾಲವನ್ನು ಹೇಳುತ್ತದೆ. ಆರಂಭದಲ್ಲಿ ತಾಮ್ರದ ಮಿಶ್ರಲೋಹಗಳು ಬಳಕೆಯಲ್ಲಿದ್ದವು. ಯುದ್ಧ ಮುಂದುವರಿದಂತೆ ಸತುವಿನ ಬಳಕೆ ಹೆಚ್ಚಿತು. ಸತುವಿನ ಮೇಲಿನ ಲೇಪ ವರ್ಷಗಳು ಕಳೆದಂತೆ ಮಾಯವಾಗಿ ಬೂದು ಬಣ್ಣ ಉಳಿಯುತ್ತದೆ. ಹೀಗಾಗಿ ಯುದ್ಧದ ಕೊನೆಯ ವರ್ಷಗಳ ಸತುವಿನ ಬ್ಯಾಡ್ಜ್ ಮೇಲೆ ಥಳಥಳಿಸುವ ಬೆಳ್ಳಿ ಲೇಪ ಪೂರ್ತಿ ಉಳಿದಿದ್ದರೆ ಎರಡು ಸಲ ನೋಡಬೇಕು.

1939ರ ಐರನ್ ಕ್ರಾಸ್ ಸಾಮಾನ್ಯವಾಗಿ ಮೂರು ತುಂಡುಗಳ ಜೋಡಣೆ: ನಡುವೆ ಕಪ್ಪು ಬಣ್ಣ ಬಳಿದ ಕಬ್ಬಿಣದ ಹಾಳೆ, ಅದನ್ನು ಎರಡು ಕಡೆಯಿಂದ ಹಿಡಿದಿರುವ ಚೌಕಟ್ಟು. ಕಬ್ಬಿಣ ಆಯಸ್ಕಾಂತಕ್ಕೆ ಅಂಟಬೇಕು. ಇಡೀ ಪದಕ ಒಂದೇ ಎರಕದಲ್ಲಿದ್ದರೆ ಅದು ನಕಲಿಯೇ ಎಂದು ಬಹುಮಟ್ಟಿಗೆ ಹೇಳಬಹುದು. ಆದರೆ ಕಬ್ಬಿಣವಲ್ಲದ ತಿರುಳಿನ ಅಸಲಿಗಳೂ ಇವೆ. ಹಾಗಾಗಿ ಆಯಸ್ಕಾಂತವೊಂದೇ ತೀರ್ಪು ಕೊಡುವುದಿಲ್ಲ.

ಮೊಹರು, ಚೀಟಿಗಳ ಆಟ

ಮ್ಯೂನಿಕ್‌ನಲ್ಲಿ ‘ಆರ್‌ಜಡ್‌ಎಂ’ ಎಂಬ ನಾಜಿ ಪಕ್ಷದ ಸಂಸ್ಥೆ ಇತ್ತು. ಪಕ್ಷ ಮತ್ತು ಅದರ ಅಂಗಸಂಸ್ಥೆಗಳ ಸಮವಸ್ತ್ರ, ಬ್ಯಾಡ್ಜ್‌ಗಳ ತಯಾರಿಕೆಗೆ ಪರವಾನಗಿ ಕೊಡುವುದು ಅದರ ಕೆಲಸ. ಎಸ್ಎಸ್‌ನ ಅನೇಕ ವಸ್ತುಗಳ ಮೇಲೆ ಅದರ ಗುರುತು ಅಥವಾ ಕಾಗದದ ಚೀಟಿ ಇರುತ್ತಿತ್ತು. ಭೂಸೇನೆ ಆ ಸಂಸ್ಥೆಯ ಅಡಿಯಲ್ಲಿ ಇರಲಿಲ್ಲ. ಹಾಗಾಗಿ ಭೂಸೇನೆಯ ಎದೆಹದ್ದಿಗೆ ಆರ್‌ಜಡ್‌ಎಂ ಚೀಟಿ ಅಂಟಿಸಿದ್ದರೆ, ಅಸಲಿತನ ಹೆಚ್ಚಿಸಲು ಹೋಗಿ ಸಿಕ್ಕಿಬಿದ್ದಂತೆ. ಎಸ್ಎಸ್ ವಸ್ತುಗಳಿಗೆ ಬೆಲೆ ಹೆಚ್ಚು. ನಕಲಿಗಳ ಕಾಟವೂ ಅಲ್ಲೇ ಹೆಚ್ಚು. ಚೀಟಿಗಳನ್ನೂ ಈಗ ಮುದ್ರಿಸಿ ಮಾರುತ್ತಾರೆ.

ಇಡೀ ಅಂಗಿ ಕೈಗೆ ಸಿಕ್ಕರೆ ಒಳಗಿನ ಲೈನಿಂಗ್ ನೋಡಿ. ಅಳತೆಯ ಅಂಕಿಗಳ ಜೊತೆ ಉಗ್ರಾಣದ ಅಕ್ಷರ ಮತ್ತು ಇಸವಿಯ ಮೊಹರು ಇರುತ್ತದೆ. ‘ಬಿ 41’ ಎಂದರೆ ಬರ್ಲಿನ್ ಉಗ್ರಾಣ, 1941. ಮೇಲಿನ ಲಾಂಛನ ಈ ಇಸವಿಗೆ ಹೊಂದಬೇಕು. ಲಾಂಛನ ವರ್ಷಗಟ್ಟಲೆ ಅಲ್ಲೇ ಇದ್ದರೆ ಅದರ ಅಂಚಿನ ಅಡಿ ಬಟ್ಟೆಯ ಬಣ್ಣ ಮಾಸದೆ ಉಳಿದಿರುತ್ತದೆ. ಸುತ್ತ ಬೇರೆ ಹೊಲಿಗೆಯ ತೂತುಗಳಿದ್ದರೆ ಅಲ್ಲಿ ಹಿಂದೆ ಬೇರೇನೋ ಇತ್ತು ಎಂದು ತಿಳಿಯಬೇಕು.

ನುಸಿ ತಿಂದ ತೂತುಗಳೂ ಸಾಕ್ಷಿ ಹೇಳುತ್ತವೆ. ನುಸಿಗೆ ರುಚಿ ಉಣ್ಣೆಯದು, ರೇಯಾನ್ ಅಥವಾ ಹತ್ತಿ ದಾರದ್ದಲ್ಲ. ಅಸಲಿ ನುಸಿತೂತಿನಲ್ಲಿ ಉಣ್ಣೆಯ ಬಟ್ಟೆ ಸವೆದು ಕಸೂತಿಯ ದಾರ ಹಾಗೇ ನಿಂತಿರುವುದುಂಟು. ಬಟ್ಟೆ, ದಾರ ಎರಡೂ ಒಟ್ಟಿಗೆ ಕತ್ತರಿಸಿಹೋಗಿದ್ದರೆ ಅದು ನುಸಿಯ ಕೆಲಸವಲ್ಲ.

ಭಾರತಕ್ಕೂ ಸಂಬಂಧವಿರುವ ಒಂದು ಬ್ಯಾಡ್ಜ್

ಈ ವಿಷಯ ನಮಗೆ ಹತ್ತಿರವಾಗುವುದು ಒಂದು ತೋಳುಪಟ್ಟಿಯಿಂದ. ಸುಭಾಷ್‌ಚಂದ್ರ ಬೋಸ್ 1941ರ ಏಪ್ರಿಲ್‌ನಲ್ಲಿ ಬರ್ಲಿನ್ ತಲುಪಿದ ಬಳಿಕ, ಉತ್ತರ ಆಫ್ರಿಕಾದಲ್ಲಿ ಜರ್ಮನ್ ಮತ್ತು ಇಟಾಲಿಯನ್ ಪಡೆಗಳಿಗೆ ಸೆರೆಸಿಕ್ಕ ಭಾರತೀಯ ಸೈನಿಕರಿಂದ ಒಂದು ದಳ ರೂಪುಗೊಂಡಿತು. ಅದೇ ಇಂಡಿಯನ್ ಲೀಜನ್. ಜರ್ಮನ್ ಸೇನೆಯ ಲೆಕ್ಕದಲ್ಲಿ ಅದು 950ನೇ ಕಾಲಾಳು ರೆಜಿಮೆಂಟ್. ಸುಮಾರು 3,000 ಮಂದಿ ಇದ್ದರು. ಆಗ್ನೇಯ ಏಷ್ಯಾದಲ್ಲಿ ಹೋರಾಡಿದ ಆಜಾದ್ ಹಿಂದ್ ಫೌಜ್ ಬೇರೆ, ಇದು ಬೇರೆ. 1944ರ ಆಗಸ್ಟ್‌ನಲ್ಲಿ ಈ ದಳವನ್ನು ವಾಫೆನ್-ಎಸ್ಎಸ್‌ಗೆ ಸೇರಿಸಲಾಯಿತು.

ಇವರು ಜರ್ಮನ್ ಸಮವಸ್ತ್ರದ ಬಲತೋಳಿನಲ್ಲಿ ಗುರಾಣಿಯಾಕಾರದ ಲಾಂಛನ ಧರಿಸುತ್ತಿದ್ದರು. ಕೇಸರಿ, ಬಿಳಿ, ಹಸಿರು ಪಟ್ಟೆ, ನಡುವೆ ನೆಗೆಯುವ ಹುಲಿ, ಮೇಲೆ ಜರ್ಮನ್ ಭಾಷೆಯಲ್ಲಿ ‘ಫ್ರೈಯೆಸ್ ಇಂಡಿಯೆನ್’, ಅಂದರೆ ಸ್ವತಂತ್ರ ಭಾರತ. ದಳ ಚಿಕ್ಕದು, ಅಸಲಿಗಳ ಸಂಖ್ಯೆಯೂ ಕಡಿಮೆ, ಬೇಡಿಕೆ ಮಾತ್ರ ದೊಡ್ಡದು. ಹೀಗಾಗಿ ಇದರ ನಕಲಿಗಳು ಧಾರಾಳವಾಗಿವೆ. ಹುಲಿಯ ತಲೆ ಇರುವ ಎಸ್ಎಸ್ ಕಾಲರ್ ಪಟ್ಟಿಗಳ ವಿಷಯದಲ್ಲಿ ಇನ್ನೂ ಜಾಗ್ರತೆ ಬೇಕು. ಅವನ್ನು ಸೈನಿಕರು ಧರಿಸಿದ್ದರು ಎನ್ನುವುದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ. ಬೋಸ್ ಸ್ಥಾಪಿಸಿದ ಆಜಾದ್ ಹಿಂದ್ ಪದಕಗಳು ವಿಯೆನ್ನಾದಲ್ಲಿ ತಯಾರಾಗಿದ್ದವು. ಯುದ್ಧದ ನಂತರವೂ ಅವುಗಳ ಪ್ರತಿಗಳು ಬಂದಿದ್ದರಿಂದ ಅಲ್ಲೂ ಅಸಲಿ-ನಕಲಿ ಬೆರೆತುಹೋಗಿದೆ.

ಇಲ್ಲಿ ಹೋಗುವುದು ಹಣ ಮಾತ್ರವಲ್ಲ. ಬ್ರಿಟಿಷ್ ಭಾರತೀಯ ಸೇನೆಯಲ್ಲಿದ್ದ ಅಜ್ಜನ ಟ್ರಂಕಿನೊಳಗೆ ಯಾರೋ ನಂತರ ತಂದಿಟ್ಟ ಒಂದು ಹುಲಿ ಬ್ಯಾಡ್ಜ್ ಸಿಕ್ಕಿತು ಎಂದುಕೊಳ್ಳಿ. ಅದನ್ನೇ ನಂಬಿ ‘ಅಜ್ಜ ಬರ್ಲಿನ್‌ನಲ್ಲಿ ಬೋಸರ ದಳದಲ್ಲಿದ್ದರು’ ಎಂದು ಮನೆಯವರು ಬರೆದಿಟ್ಟರೆ, ಮುಂದಿನ ಪೀಳಿಗೆಗೆ ಅದೇ ಇತಿಹಾಸ. ಅಜ್ಜ ನಿಜವಾಗಿ ಎಲ್ಲಿ ಹೋರಾಡಿದರು, ಎಲ್ಲಿ ಸೆರೆಯಲ್ಲಿದ್ದರು ಎಂಬುದು ಮರೆಯಾಗುತ್ತದೆ. ಸೇವಾ ದಾಖಲೆ, ಪತ್ರ, ಫೋಟೋ ಇವುಗಳ ಜೊತೆ ತಾಳೆಯಾದ ಮೇಲೆಯೇ ಬ್ಯಾಡ್ಜ್ ಸಾಕ್ಷಿಯಾಗಬೇಕು.

ಕಾನೂನಿನ ಎಚ್ಚರಿಕೆ

ಜರ್ಮನಿಯ ದಂಡ ಸಂಹಿತೆಯ 86ಎ ಕಲಂ ನಾಜಿ ಚಿಹ್ನೆಗಳ ಸಾರ್ವಜನಿಕ ಪ್ರದರ್ಶನವನ್ನು ನಿಷೇಧಿಸುತ್ತದೆ. ಮೂರು ವರ್ಷದವರೆಗೆ ಜೈಲು ಅಥವಾ ದಂಡ ವಿಧಿಸಬಹುದು. ಶಿಕ್ಷಣ, ಸಂಶೋಧನೆ, ಕಲೆಯಂಥ ಉದ್ದೇಶಗಳಿಗೆ ವಿನಾಯಿತಿ ಇದೆ. ಆಸ್ಟ್ರಿಯಾದಲ್ಲೂ ಕಟ್ಟುನಿಟ್ಟಿನ ಕಾನೂನಿದೆ. ಯುರೋಪಿನಲ್ಲಿ ಓದುವ, ಕೆಲಸ ಮಾಡುವ ಕನ್ನಡಿಗರು ಸಂತೆಯಲ್ಲಿ ಸಿಕ್ಕಿತೆಂದು ಇಂಥದ್ದನ್ನು ಕೊಂಡು ಫೋಟೋ ಹಾಕುವ ಮುನ್ನ ಆ ದೇಶದ ಕಾನೂನು ತಿಳಿದಿರಬೇಕು. ಈ ಚಿಹ್ನೆಗಳ ಹಿಂದೆ ಲಕ್ಷಾಂತರ ಜನರ ಹತ್ಯೆಯ ನೆನಪಿದೆ. ಅದನ್ನು ಮರೆತ ಸಂಗ್ರಹ ಬರೀ ಷೋಕಿಯಾಗುತ್ತದೆ.

ಕೊಳ್ಳುವ ಮುನ್ನ ಹೀಗೆ ಮಾಡಿ

- ಹಗಲು ಬೆಳಕಿನಲ್ಲಿ ತೆಗೆದ ಮುಂಬದಿ, ಹಿಂಬದಿ, ಅಂಚಿನ ಹತ್ತಿರದ ಫೋಟೋ ಕೇಳಿ. ಹಿಂಬದಿ ತೋರಿಸಲು ಹಿಂದೇಟು ಹಾಕಿದರೆ ಬಿಟ್ಟುಬಿಡಿ.
- ಬರ್ಲಿನ್‌ನ ಜರ್ಮನ್ ಐತಿಹಾಸಿಕ ವಸ್ತುಸಂಗ್ರಹಾಲಯ, ಲಂಡನ್‌ನ ಇಂಪೀರಿಯಲ್ ವಾರ್ ಮ್ಯೂಸಿಯಂನಂಥ ಸಂಸ್ಥೆಗಳ ಸಂಗ್ರಹದ ಚಿತ್ರಗಳ ಜೊತೆ ಹೋಲಿಸಿ.
- ಮಾರುವವರೇ ಬರೆದುಕೊಟ್ಟ ಪ್ರಮಾಣಪತ್ರವನ್ನು ಸಾಕ್ಷಿ ಎಂದು ಪರಿಗಣಿಸಬೇಡಿ. ಮಾರಾಟದಲ್ಲಿ ಲಾಭವಿಲ್ಲದ ಇಬ್ಬರ ಅಭಿಪ್ರಾಯ ಪಡೆಯಿರಿ.
- ನಕಲಿ ಎಂದು ತಿಳಿದರೆ ಹಣ ಹಿಂದಿರುಗಿಸುವ ಮಾತನ್ನು ಬರಹದಲ್ಲಿ ಪಡೆಯಿರಿ.
- ಒಂದೇ ಪರೀಕ್ಷೆ ನಂಬಬೇಡಿ. ನೇಯ್ಗೆ, ನೂಲು, ಲೋಹ, ಹೊಲಿಗೆ, ಇಸವಿ ಎಲ್ಲವೂ ಒಂದೇ ಮಾತು ಹೇಳಬೇಕು. ಒಂದು ಅಪಸ್ವರ ಬಂದರೂ ಕಾರಣ ಹುಡುಕಿ.

ಸಂಗ್ರಾಹಕರಲ್ಲಿ ಒಂದು ಹಳೆಯ ಮಾತಿದೆ: ವಸ್ತುವನ್ನು ಕೊಳ್ಳಿ, ಕಥೆಯನ್ನಲ್ಲ. ಕುಯಾವ್‌ನ ಹೆಲ್ಮೆಟ್ ಕೊಂಡವರು ತೆತ್ತದ್ದು ಹೆಲ್ಮೆಟ್ಟಿಗಲ್ಲ, ಆ ಚೀಟಿಗೆ.